ಕಮಿಟ್ ಆಕ್ಸೆಸ್ ಕೇಳಿದರೆ ಕೊಡ್ತಾರಾ?

ಪ್ರಶ್ನೆ: ಆರು ತಿಂಗಳಿಂದ ಒಂದು ಓಪನ್ ಸೋರ್ಸ್ ಪ್ರಾಜೆಕ್ಟಿಗೆ (ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್) ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಕಳಿಸುತ್ತಿದ್ದೇನೆ. ಹದಿನೈದು ಸೇರಿಕೊಂಡಿವೆ. ಪ್ರತಿ ಸಲವೂ ಬೇರೆ ಯಾರೋ ನೋಡಿ ಒಪ್ಪುವವರೆಗೆ ಕಾಯಬೇಕು. ನಾನೇ ನೇರವಾಗಿ ಕೋಡ್ ಸೇರಿಸುವ ಹಕ್ಕು, ಅಂದರೆ ಕಮಿಟ್ ಆಕ್ಸೆಸ್, ಕೊಡಿ ಅಂತ ಕೇಳಬಹುದಾ?

ಉತ್ತರ: ಕೇಳಬಹುದು, ಯಾರೂ ಬೈಯಲ್ಲ. ಆದರೆ ಎಷ್ಟೋ ದೊಡ್ಡ ಪ್ರಾಜೆಕ್ಟುಗಳಲ್ಲಿ ಅವರಾಗಿಯೇ ಕರೆದು ಕೊಡುವುದು ರೂಢಿ. ಎಷ್ಟೋ ಓಪನ್ ಸೋರ್ಸ್ ಪ್ರಾಜೆಕ್ಟುಗಳಿರುವ ಅಪಾಚೆ ಸಂಸ್ಥೆಯನ್ನೇ ನೋಡಿ. ಅಲ್ಲಿ ಪ್ರತಿ ಪ್ರಾಜೆಕ್ಟಿಗೂ ಪಿಎಂಸಿ ಅಂತ ಒಂದು ಸಮಿತಿ ಇದೆ. ಅದರಲ್ಲಿ ಯಾರೋ ಒಬ್ಬರು ನಿಮ್ಮ ಹೆಸರು ಎತ್ತುತ್ತಾರೆ. ಹೊರಗಿನವರಿಗೆ ಕಾಣದ ಹಾಗೆ ತಮ್ಮತಮ್ಮಲ್ಲೇ ಮಾತಾಡಿ ಮತ ಹಾಕುತ್ತಾರೆ. ಒಪ್ಪಿಗೆ ಇದ್ದವರು +1 ಅಂತ ಬರೆಯುತ್ತಾರೆ. ಭೂಮಿಯ ಆ ಕಡೆ ಮಲಗಿರುವವರಿಗೂ ಅವಕಾಶ ಇರಲಿ ಅಂತ ಸಾಮಾನ್ಯವಾಗಿ 72 ಗಂಟೆಯಾದರೂ ಕಾಯುತ್ತಾರೆ. ನಿಮಗೆ ಇದರ ಸುಳಿವೇ ಇರುವುದಿಲ್ಲ. ಒಂದು ದಿನ ಮೇಲ್ ಬರುತ್ತದೆ. ಒಪ್ಪಿದರೆ, ನಿಮ್ಮ ಕೋಡ್ ಬಳಸಲು ಅನುಮತಿ ಕೊಡುವ ಐಸಿಎಲ್‌ಎ ಅನ್ನುವ ಕರಾರಿಗೆ ಸಹಿ ಹಾಕಬೇಕು, ಆಮೇಲೆ ಅಕೌಂಟು. ಅದು ನಿಮ್ಮದು, ನಿಮ್ಮ ಕಂಪನಿಯದಲ್ಲ. ಕೆಲಸ ಬದಲಿಸಿದರೂ ಜೊತೆಗೇ ಬರುತ್ತದೆ.

ಹಾಗಾದರೆ ಹದಿನೈದು ಪ್ಯಾಚ್ ಸಾಲದಾ? ಲೆಕ್ಕದಿಂದ ಜಾಸ್ತಿ ಏನೂ ಗೊತ್ತಾಗಲ್ಲ. ನನ್ನ ಮೊದಮೊದಲ ಪ್ಯಾಚೊಂದರ ಕತೆ ಕೇಳಿ. ಖಾಲಿ ಫೈಲ್ ಕೊಟ್ಟರೆ ಪ್ರೋಗ್ರಾಂ ಕ್ರ್ಯಾಶ್ ಆಗುತ್ತಿತ್ತು. ಎರಡೇ ಸಾಲಿನ ರಿಪೇರಿ. ನಾನು ಸುಮ್ನಿರದೆ, ನೋಡಲು ಚೆನ್ನಾಗಿರಲಿ ಅಂತ ಇಡೀ ಫೈಲಿನ ಸ್ಪೇಸುಗಳನ್ನೂ ಸರಿಮಾಡಿದ್ದೆ. ಡಿಫ್ (ಏನೇನು ಬದಲಾಗಿದೆ ಅಂತ ತೋರಿಸುವ ಪಟ್ಟಿ) ತೆರೆದರೆ 300 ಸಾಲು! ಅದರಲ್ಲಿ ಆ ಎರಡು ಸಾಲನ್ನು ರಿವ್ಯೂ ಮಾಡುವವರೇ ಹುಡುಕಿಕೊಳ್ಳಬೇಕು. ವಾಪಸ್ ಬಂತು: ಸ್ಪೇಸಿನದನ್ನು ಬೇರೆ ಕಳಿಸಿ, ಟೆಸ್ಟ್ ಎಲ್ಲಿ? ಟೆಸ್ಟ್, ಅಂದರೆ ರಿಪೇರಿ ಸರಿಯಾಗಿದೆಯಾ ಅಂತ ಪರೀಕ್ಷಿಸುವ ಕೋಡ್, ಬರೆದು ಮತ್ತೆ ಕಳಿಸಿದೆ. ಕಮಿಟ್ ಮೆಸೇಜಿನಲ್ಲಿ (ಬದಲಾವಣೆಯ ಜೊತೆ ಬರೆಯುವ ವಿವರಣೆ) ಬರೀ 'ಬಗ್ ಫಿಕ್ಸ್' ಅಂತಿತ್ತು. ಮತ್ತೆ ವಾಪಸ್.

ಅವರು ನೋಡುವುದು ಇದನ್ನೇ. ನಿಮ್ಮ ಪ್ಯಾಚ್ ಓದಲು ಕೂತವರಿಗೆ ಹೇಳುವುದಕ್ಕೆ ಏನೂ ಸಿಗಬಾರದು. ಹತ್ತು ಸಲ ಹಾಗಾದ ಮೇಲೆ, "ಇವರದ್ದು ನೋಡೋದೇ ದಂಡ, ಅವರೇ ಹಾಕಿಕೊಳ್ಳಲಿ" ಅಂತ ಅವರಿಗೇ ಅನ್ನಿಸುತ್ತದೆ. ಬೇರೆಯವರ ಪ್ಯಾಚುಗಳನ್ನು ನೀವೂ ರಿವ್ಯೂ ಮಾಡುತ್ತಿದ್ದರೆ ಇನ್ನೂ ಬೇಗ.

ಈಗೀಗ ಬಿಗಿ ಜಾಸ್ತಿಯಾಗಿದ್ದರೆ ಆಶ್ಚರ್ಯವಿಲ್ಲ. ಎಕ್ಸ್‌ಝೆಡ್ ಅನ್ನುವ ಕಂಪ್ರೆಷನ್ ಟೂಲಿಗೆ ಜಿಯಾ ಟಾನ್ ಹೆಸರಿನವರೊಬ್ಬರು 2021ರಿಂದ ಪ್ಯಾಚ್ ಕಳಿಸಿ ನಂಬಿಕೆ ಗಳಿಸಿದರು. "ಇನ್ನೊಬ್ಬರನ್ನು ಸೇರಿಸಿಕೊಳ್ಳಿ" ಅಂತ ಬೇರೆ ಹೆಸರುಗಳಿಂದ ಮೇಂಟೇನರ್ (ಪ್ರಾಜೆಕ್ಟ್ ನೋಡಿಕೊಳ್ಳುವವರು) ಮೇಲೆ ಒತ್ತಡವೂ ಬಂತು. ಆಕ್ಸೆಸ್ ಸಿಕ್ಕಿತು. 2024ರಲ್ಲಿ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು, ಅಂದರೆ ಕದ್ದು ಒಳನುಗ್ಗಲು ಬಚ್ಚಿಟ್ಟ ಕೋಡ್, ಕೂತಿತ್ತು. ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸೇರುವ ವಿಧಾನ) ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಅಂತ ತಲೆಕೆಡಿಸಿಕೊಂಡ ಆಂಡ್ರೆಸ್ ಫ್ರೊಯಿಂಡ್ ಅನ್ನುವ ಡೆವಲಪರ್ ಅದನ್ನು ಹಿಡಿದರು. ಆದ್ದರಿಂದ ನಿಮ್ಮ ಮೇಂಟೇನರ್ ತಡ ಮಾಡಿದರೆ ಅದನ್ನು ಅವಮಾನ ಅಂದುಕೊಳ್ಳಬೇಡಿ.

ಅಂದ ಹಾಗೆ, ಕೋಡ್ ಬರೆಯದವರಿಗೂ ದಾರಿ ಇದೆ. ಲಿನಕ್ಸಿನಲ್ಲಿ ಬಳಸುವ ಗ್ನೋಮ್ ಡೆಸ್ಕ್‌ಟಾಪಿನ ಅನುವಾದದ ತಾಣದಲ್ಲಿ (ಅದರ ಹೆಸರು ಡ್ಯಾಮ್ಡ್ ಲೈಸ್, ನಿಜವಾಗಿಯೂ!) ಕನ್ನಡಕ್ಕೂ ಒಂದು ತಂಡ ಇದೆ. ಅಲ್ಲಿ ಅನುವಾದಕ, ರಿವ್ಯೂ ಮಾಡುವವರು, ಕಮಿಟರ್ ಅಂತ ಬೇರೆಬೇರೆ ಪಾತ್ರಗಳು.

ಇನ್ನು ಕಾಯುವ ವಿಷಯ. ಆಕ್ಸೆಸ್ ಸಿಕ್ಕಿದ ಮೇಲೆ ಕಾಯುವುದು ತಪ್ಪುತ್ತದೆ ಅಂದುಕೊಂಡಿದ್ದೀರಿ, ಅಲ್ವಾ? ಫ್ರೀಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಂ ಪ್ರಾಜೆಕ್ಟಿನಲ್ಲಿ ಈ ಆಕ್ಸೆಸ್ಸಿಗೆ ಕಮಿಟ್ ಬಿಟ್ ಅನ್ನುತ್ತಾರೆ. ಹೊಸದಾಗಿ ಸಿಕ್ಕವರಿಗೆ ಒಬ್ಬ ಮೆಂಟರ್ ಇರುತ್ತಾರೆ. ಅವರು ಬಿಡುವವರೆಗೆ ಪ್ರತಿ ಕಮಿಟ್ಟನ್ನೂ ಅವರಿಗೆ ತೋರಿಸಿ, ಮೆಸೇಜಿನಲ್ಲಿ 'ಅಪ್ರೂವ್ಡ್ ಬೈ' ಅಂತ ಅವರ ಹೆಸರು ಹಾಕಬೇಕು. ಬಿಲ್ಡ್ ಕೆಡಿಸಿದವರಿಗೆ (ಅಂದರೆ ಕೋಡಿನಿಂದ ಪ್ರೋಗ್ರಾಂ ತಯಾರಾಗದ ಹಾಗೆ ಮಾಡಿದವರಿಗೆ) ಚೂಪು ಟೋಪಿ ತೊಡಿಸುವ ಹಳೇ ತಮಾಷೆಯೂ ಅಲ್ಲಿದೆ. ಪಳಗಿದವರೂ ಎಡವುತ್ತಾರೆ. ಆಗ ಸರಿಪಡಿಸಿದ ಕಮಿಟ್ಟಿನ ಕೆಳಗೆ 'ಪಾಯಿಂಟಿ ಹ್ಯಾಟ್ ಟು' ಅಂತ ಬರೆದು ತಮ್ಮ ಹೆಸರನ್ನೇ ಹಾಕಿಕೊಳ್ಳುತ್ತಾರೆ.