ಕೂಲಿಂಗ್ ಮಾತ್ರ ಕೇಳಿದರೆ ಸಾಲದು

ಏಪ್ರಿಲ್ ಬಂತೆಂದರೆ ಕೋಲಾರದ ಯಾವ ವೈನ್ ಶಾಪಿನ ಮುಂದೆ ನಿಂತರೂ ಕೇಳಿಸುವ ಪ್ರಶ್ನೆ ಒಂದೇ: “ಕೂಲಿಂಗ್ ಇದೆಯಾ?” ಯಾವ ಬಿಯರ್, ಯಾವಾಗ ತಯಾರಾದದ್ದು, ಎಷ್ಟು ಸ್ಟ್ರಾಂಗ್ ಎಂಬುದೆಲ್ಲ ಆಮೇಲೆ. ನನ್ನ ಮನೆ ಕೋಲಾರದಲ್ಲಿ, ಕೆಲಸ ಬೆಂಗಳೂರಿನ ಮೈಕ್ರೋಬ್ರೂವರಿಯಲ್ಲಿ ಬಿಯರ್ ತಯಾರಿಸುವುದು. ಹಾಗಾಗಿ ಪರಿಚಿತರು “ಈ ಬಿಸಿಲಿಗೆ ಯಾವುದು ಒಳ್ಳೆಯದು ಸಾರ್?” ಎಂದು ಕೇಳುತ್ತಲೇ ಇರುತ್ತಾರೆ. ನನ್ನ ಉತ್ತರ ಅವರಿಗೆ ಅಷ್ಟಾಗಿ ಹಿಡಿಸುವುದಿಲ್ಲ. ಆಲ್ಕೋಹಾಲ್ ಕಡಿಮೆ ಇರುವುದನ್ನು ಆರಿಸಿ, ತಾಜಾ ಇರುವುದನ್ನು ಕೊಳ್ಳಿ, ಮಂಜುಗಟ್ಟುವಷ್ಟು ತಣ್ಣಗೆ ಮಾಡಬೇಡಿ.

ಜಗಳವಾಗುವುದು ಮೂರನೆಯ ಮಾತಿಗೆ. ಅತಿಯಾದ ತಂಪಿನಲ್ಲಿ ನಾಲಿಗೆ ಮರಗಟ್ಟುತ್ತದೆ, ಪರಿಮಳವೂ ಲೋಟದಿಂದ ಮೇಲೇಳುವುದಿಲ್ಲ. ಮಾವಿಗೆ ಹೆಸರಾದ ಶ್ರೀನಿವಾಸಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಫ್ರಿಜ್ಜಿನಿಂದ ತೆಗೆದೊಡನೆ ಕೊಯ್ದ ರಸಪುರಿಯೂ ಹೀಗೆಯೇ ಮೂಕವಾಗಿರುತ್ತದೆ. ಕಾರ್ಖಾನೆಯ ಅಗ್ಗದ ಸ್ಟ್ರಾಂಗ್ ಬಿಯರಿಗೆ ಇದರಿಂದ ಲಾಭವೇ, ಏಕೆಂದರೆ ಅದರಲ್ಲಿ ಮುಚ್ಚಿಡಬೇಕಾದ ರುಚಿಗಳು ಹೆಚ್ಚು. ಸಣ್ಣ ಬ್ರೂವರಿಗಳ ಕ್ರಾಫ್ಟ್ ಬಿಯರಿಗೆ ದುಡ್ಡು ಕೊಡುವುದು ಪರಿಮಳಕ್ಕಾಗಿ. ತಂಪಿನಲ್ಲಿ ಹುದುಗಿಸುವ ಲಾಗರ್ 4ರಿಂದ 7 ಡಿಗ್ರಿ ಸೆಲ್ಸಿಯಸ್, ಗೋಧಿ ಬಿಯರ್ 6ರಿಂದ 8, ಬೆಚ್ಚಗೆ ಹುದುಗಿಸುವ ಪೇಲ್ ಏಲ್ 8ರಿಂದ 10 ಡಿಗ್ರಿಯಲ್ಲಿದ್ದರೆ ಚೆನ್ನ. ಫ್ರಿಜ್ಜಿನಿಂದ ತೆಗೆದು ಕೆಲವು ನಿಮಿಷ ಬಿಟ್ಟರೆ ಸಾಕು, ನಮ್ಮ ಮೇ ತಿಂಗಳ ಸೆಕೆ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಫ್ರೀಜರಿನಲ್ಲಿಟ್ಟು ಬಿಳಿಚಿದ ಮಗ್ ನೋಡಲು ಚೆಂದ, ಆದರೆ ಅದರ ಒಳಗೋಡೆಯ ಮಂಜು ಗ್ಯಾಸನ್ನೆಲ್ಲ ನೊರೆಯಾಗಿಸಿ ಹೊರಗಟ್ಟುತ್ತದೆ, ಆಮೇಲೆ ತಾನೇ ಕರಗಿ ಬಿಯರಿಗೆ ನೀರು ಬೆರೆಸುತ್ತದೆ.

ಬಿಯರನ್ನು ನಿಜವಾಗಿ ಕೆಡಿಸುವುದು ಅದು ತಣ್ಣಗಾಗುವುದಕ್ಕೆ ಮೊದಲಿನ ಬಿಸಿ. ಗೋದಾಮಿನ ತಗಡಿನ ಸೂರಿನಡಿ ವಾರಗಟ್ಟಲೆ ಬೆಂದ ಕೇಸನ್ನು ಸಂಜೆ ಫ್ರಿಜ್ಜಿಗೆ ಹಾಕಿದ ಮಾತ್ರಕ್ಕೆ ಅದು ತಾಜಾ ಆಗುವುದಿಲ್ಲ. ಶಾಖ ಹೆಚ್ಚಿದಷ್ಟೂ ಬಿಯರ್ ಬೇಗ ಮುದಿಯಾಗುತ್ತದೆ. ಒದ್ದೆ ರಟ್ಟಿನ ವಾಸನೆ ಬಂದರೆ ಅದೇ ಗುರುತು. ಬಿಸಿಲಿನದು ಬೇರೆಯೇ ಕಾಟ. ಬಿಯರಿಗೆ ಹಾಕುವ ಹಾಪ್ಸ್ ಎಂಬ ಹೂವಿನ ಕಹಿ ಅಂಶಗಳ ಮೇಲೆ ಬೆಳಕು ಬಿದ್ದರೆ ಗಂಧಕದ ನಾತ ಹುಟ್ಟುತ್ತದೆ. ಕಂದು ಬಾಟಲಿ ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಮತ್ತು ಬಣ್ಣವಿಲ್ಲದ ಗಾಜು ತಡೆಯುವುದಿಲ್ಲ, ಕ್ಯಾನ್ ಪೂರ್ತಿ ತಡೆಯುತ್ತದೆ. ಆದ್ದರಿಂದ ಅಂಗಡಿಯಲ್ಲಿ ಮೊದಲು ತಯಾರಿಕೆಯ ದಿನಾಂಕ ನೋಡಿ, ಕೂಲಿಂಗ್ ಆಮೇಲೆ ಕೇಳಿ.

ಬೇಸಿಗೆಗೆ ನಾನು ಮೊದಲು ಹೇಳುವುದು ಜರ್ಮನಿಯ ಹೆಫೆವೈಜನ್ ಎಂಬ ಗೋಧಿ ಬಿಯರ್. ಆಲ್ಕೋಹಾಲ್ ಸುಮಾರು 5 ಶೇಕಡ, ಕಹಿ ತೀರಾ ಕಡಿಮೆ, ಮೂಗಿಗೆ ಮಾಗಿದ ಬಾಳೆಹಣ್ಣು ಮತ್ತು ಲವಂಗ. ಬಾಳೆಹಣ್ಣಿನ ಎಸೆನ್ಸ್ ಹಾಕಿದ್ದೀರಾ ಎಂದು ಕೇಳದ ಗಿರಾಕಿ ಅಪರೂಪ. ಎಸೆನ್ಸೂ ಇಲ್ಲ, ಲವಂಗವೂ ಇಲ್ಲ, ಅದೆಲ್ಲ ಯೀಸ್ಟಿನ ಕೆಲಸ. ಬಾಳೆಹಣ್ಣಿನ ವಾಸನೆಗೆ ಕಾರಣವಾದ ಐಸೋಅಮೈಲ್ ಅಸಿಟೇಟನ್ನೇ ಈ ಯೀಸ್ಟೂ ಉತ್ಪತ್ತಿ ಮಾಡುತ್ತದೆ. ಬೆಲ್ಜಿಯಂನ ವಿಟ್‌ಬಿಯರಿಗೆ ಮಾತ್ರ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕುವುದು ನಿಜ. ಗರಿಗರಿಯಾದ, ಬೇಗ ಮುಗಿಯುವ ರುಚಿ ಬೇಕಿದ್ದರೆ ಪಿಲ್ಸ್‌ನರ್ ಅಥವಾ ಜರ್ಮನಿಯ ಕೋಲೋನ್ ನಗರದ ಕೋಲ್ಷ್. ಕೋಲ್ಷನ್ನು ಅಲ್ಲಿ 200 ಮಿಲಿಲೀಟರಿನ ಸಣ್ಣ ಲೋಟದಲ್ಲಿ ಕೊಡುತ್ತಾರೆ, ಬಿಸಿಯಾಗುವ ಮೊದಲೇ ಲೋಟ ಖಾಲಿ. ನಮ್ಮ ಹವೆಗೆ ಹೇಳಿ ಮಾಡಿಸಿದ ಪದ್ಧತಿ, ಇಲ್ಲಿ ಯಾರೂ ಅನುಸರಿಸುವುದಿಲ್ಲ.

ಈ ಗರಿಗರಿ ಗುಣದ ಹಿಂದೆ ನೀರಿನ ಪಾತ್ರ ದೊಡ್ಡದು. 1842ರಲ್ಲಿ ಇಂದಿನ ಚೆಕ್ ದೇಶದ ಪಿಲ್ಸನ್ ಪಟ್ಟಣದಲ್ಲಿ ಪಿಲ್ಸ್‌ನರ್ ಎಂಬ ಹೊಂಬಣ್ಣದ ಲಾಗರ್ ಹುಟ್ಟಿದ್ದು ಲವಣವೇ ಇಲ್ಲವೆನ್ನಬಹುದಾದ ಮೆದು ನೀರಿನಲ್ಲಿ. ಇಂಗ್ಲೆಂಡಿನ ಬರ್ಟನ್‌ನ ನೀರಿನಲ್ಲಿ ಸಲ್ಫೇಟ್ ತುಂಬಿದ್ದರಿಂದ ಅಲ್ಲಿನ ಪೇಲ್ ಏಲ್‌ಗೆ ಒಣ, ಚುರುಕು ಕಹಿ ಬಂತು. ಕೋಲಾರದಲ್ಲೇ ಬಿಯರ್ ಮಾಡಬಹುದಲ್ಲ ಎನ್ನುವವರಿಗೆ ನಾನು ತೋರಿಸುವುದು ಬೋರ್‌ವೆಲ್. ವರ್ಷಪೂರ್ತಿ ಹರಿಯುವ ನದಿ ಇಲ್ಲದ ಜಿಲ್ಲೆ, ಆಳದಿಂದ ಬರುವ ನೀರು ಗಡಸು, ಹಲವೆಡೆ ಫ್ಲೋರೈಡ್ ಬೇರೆ. ಆರ್‌ಓ ಮಾಡಿ ಎಲ್ಲವನ್ನೂ ತೆಗೆದು, ಬೇಕಾದಷ್ಟು ಜಿಪ್ಸಂ (ಸಲ್ಫೇಟ್ ಕೊಡುವ ಲವಣ), ಕ್ಯಾಲ್ಸಿಯಂ ಕ್ಲೋರೈಡ್ ಮತ್ತೆ ಸೇರಿಸಿದರೆ ಆದೀತು. ಜಿಪ್ಸಂ ಹೆಚ್ಚಾದರೆ ಒಣ ಮುಕ್ತಾಯ, ಕ್ಲೋರೈಡ್ ಹೆಚ್ಚಾದರೆ ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದ, ದುಂಡು ರುಚಿ. ಆದರೆ ಆರ್‌ಓ ಯಂತ್ರ ಚೆಲ್ಲುವ ನೀರನ್ನು ನೋಡುವಾಗ ನಮ್ಮೂರಿನವನಾದ ನನಗೆ ಸಂಕಟವಾಗುತ್ತದೆ.

ಸವಿಯುವ ಕ್ರಮಕ್ಕೆ ಶಾಸ್ತ್ರ ಬೇಕಿಲ್ಲ. ಲೋಟವನ್ನು ಓರೆ ಹಿಡಿದು ಸುರಿಯಲು ತೊಡಗಿ, ಕೊನೆಯಲ್ಲಿ ನೇರ ಮಾಡಿ, ಎರಡು ಬೆರಳು ನೊರೆ ಬರಲಿ. ನೊರೆ ಮೋಸವಲ್ಲ, ಪರಿಮಳವನ್ನು ಮೇಲಕ್ಕೆ ತರುವುದು ಅದೇ. ಲೋಟದಲ್ಲಿ ಸೋಪಿನ ಪಸೆ ಉಳಿದಿದ್ದರೆ ಅಥವಾ ತುಟಿಗೆ ಬೋಂಡದ ಎಣ್ಣೆ ಮೆತ್ತಿದ್ದರೆ ನೊರೆ ಕ್ಷಣದಲ್ಲಿ ಸಾಯುತ್ತದೆ. ಮೊದಲು ಮೂಸಿ, ಆಮೇಲೆ ಒಂದು ಗುಟುಕು. ವೈನ್ ಪರೀಕ್ಷಕರಂತೆ ಉಗುಳಬೇಡಿ, ನುಂಗಿದ ಮೇಲೆ ಗಂಟಲಲ್ಲಿ ಉಳಿಯುವ ಕಹಿಯೂ ರುಚಿಯ ಭಾಗವೇ. ನಾಲ್ಕಾರು ಬಗೆ ಇದ್ದರೆ ತೆಳುವಾದದ್ದರಿಂದ ಗಾಢವಾದದ್ದಕ್ಕೆ ಹೋಗಿ. ಹಾಪ್ಸ್ ಹೆಚ್ಚಿರುವ, ಕಹಿಯಾದ ಐಪಿಎ (ಇಂಡಿಯಾ ಪೇಲ್ ಏಲ್) ಮೊದಲು ಕುಡಿದರೆ ಆಮೇಲಿನ ಗೋಧಿ ಬಿಯರ್ ಬರೀ ನೀರು.

ನಂಚಿಕೊಳ್ಳಲು ಏನೆಂಬುದರಲ್ಲಿ ನಮ್ಮ ಭಾಗದವರು ತಪ್ಪುವುದು ಖಾರದಲ್ಲಿ. ಆಲ್ಕೋಹಾಲೂ ಕಹಿಯೂ ಮೆಣಸಿನಕಾಯಿಯ ಉರಿಯನ್ನು ಏರಿಸುತ್ತವೆ. ನಾಟಿ ಕೋಳಿ ಸಾರಿನ ಜೊತೆ ಐಪಿಎ ಇಟ್ಟರೆ ಎರಡರ ರುಚಿಯೂ ತಿಳಿಯುವುದಿಲ್ಲ. ಆ ಸಾರಿಗೆ ಹೆಫೆವೈಜನ್ ಒಪ್ಪುತ್ತದೆ. ರುಚಿ ನೋಡುವಾಗ ಕಡಲೆಪುರಿ, ಬೇಯಿಸಿದ ಕಡಲೆಕಾಯಿ ಸಾಕು, ಪಕ್ಕದಲ್ಲಿ ಒಂದು ಚೊಂಬು ನೀರಿರಲಿ. ಬಿಯರ್ ದಾಹ ತೀರಿಸಿದಂತೆ ಅನಿಸಿದರೂ ಆಲ್ಕೋಹಾಲ್ ಮೂತ್ರವನ್ನು ಹೆಚ್ಚಿಸಿ ಮೈಯ ನೀರನ್ನು ಕಳೆಯುತ್ತದೆ. ಬೆಂಗಳೂರಿನ ಪಬ್ಬಿನಿಂದ ಹೆದ್ದಾರಿ ಹಿಡಿದು ಊರಿಗೆ ಮರಳುವವರು ಸ್ಟೀರಿಂಗ್ ಮುಟ್ಟದಿರುವುದೇ ಲೇಸು. ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅದನ್ನು ದಾಟಲು ಹೆಚ್ಚು ಬೇಕಿಲ್ಲ.

ಇನ್ನು ಮಾವಿನ ಬಿಯರ್. ಬಾದಾಮಿ ಹಣ್ಣನ್ನೇ ಹಾಕಿದ್ದೇವೆ ಎಂದು ಹೆಮ್ಮೆಪಡುವವರಿದ್ದಾರೆ, ನನ್ನ ಮಟ್ಟಿಗೆ ಅದು ಒಳ್ಳೆಯ ಹಣ್ಣಿನ ದಂಡ. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ತಿಂದುಹಾಕುತ್ತದೆ, ಉಳಿಯುವುದು ಹುಳಿ ಮತ್ತು ಒಂದಿಷ್ಟು ಪರಿಮಳ. ಹುಳಿಯುಳ್ಳ ತೋತಾಪುರಿಯೇ ಇದಕ್ಕೆ ಸರಿ, ತಿರುಳನ್ನು ಮೊದಲ ಹುದುಗು ಇಳಿದ ಮೇಲೆ ಸೇರಿಸಿದರೆ ಪರಿಮಳ ಹೆಚ್ಚು ಉಳಿಯುತ್ತದೆ. ನಿಮ್ಮ ಲೋಟದಲ್ಲಿರುವುದು ಜ್ಯೂಸಿನಷ್ಟು ಸಿಹಿಯಾಗಿದ್ದರೆ ಕೊಡುವ ಮುನ್ನ ಸಿರಪ್ ಬೆರೆಸಿರುವ ಸಾಧ್ಯತೆಯೇ ಹೆಚ್ಚು. ಸಂಕೋಚಪಡದೆ ಕೇಳಿ, ಬ್ರೂವರ್ ಅಲ್ಲೇ ಎಲ್ಲೋ ಟ್ಯಾಂಕಿನ ಹಿಂದೆ ಇರುತ್ತಾನೆ.