ಸುಸ್ತಿ ಬೇರೆ, ದಿವಾಳಿ ಬೇರೆ

"ಓಟಿಎಸ್ ಕಂತು ಕಟ್ಟೋಕಾಗಲಿಲ್ಲ, ಈಗ ನಾನು ದಿವಾಳಿ, ಬ್ಯಾಂಕಿನವರು ಏನೂ ಮಾಡೋ ಹಾಗಿಲ್ಲ." ಮೊನ್ನೆ ವಾಟ್ಸಾಪಿನಲ್ಲಿ ಮತ್ತೆ ಇದೇ ಮಾತು. (ಓಟಿಎಸ್ ಅಂದರೆ ಬ್ಯಾಂಕು ಬಾಕಿಯಲ್ಲಿ ಒಂದಷ್ಟು ಬಿಟ್ಟು, ಉಳಿದದ್ದನ್ನು ಗಡುವಿನೊಳಗೆ ಕಟ್ಟಿಸಿಕೊಂಡು ಸಾಲ ಮುಗಿಸುವ ಒಪ್ಪಂದ.) ಇಲ್ಲ ಸ್ವಾಮಿ. ನೀವು ದಿವಾಳಿ ಅಲ್ಲ, ಸುಸ್ತಿದಾರ.

ಸುಸ್ತಿ ಪಾರಸಿಯಿಂದ ಬಂದ ಮಾತು. ಅಲ್ಲಿ 'ಸುಸ್ತ್' ಅಂದರೆ ಸಡಿಲ, ಜಡ, ಬಲ ಇಲ್ಲದ್ದು. ಬಿಸಿಲಲ್ಲಿ ತಿರುಗಿ ಬಂದು "ಸುಸ್ತಾಯ್ತು" ಅಂತೀವಲ್ಲ, ಅದೂ ಇದೇ ಮನೆಯದು. 'ದಾರ' ಅಂದರೆ ಇಟ್ಟುಕೊಂಡವನು: ಪಾಲುದಾರ, ಜಾಮೀನುದಾರ, ಹಾಗೇ ಸುಸ್ತಿದಾರ. ಅಂದರೆ ಕೊಡಬೇಕಾದ ಹೊತ್ತಿಗೆ ಕೊಡದೆ ಹಿಂದೆ ಬಿದ್ದವನು, ಅಷ್ಟೇ. ಕೈಯಲ್ಲಿ ದುಡ್ಡಿದ್ದೂ ಕಟ್ಟದವನೂ ಸುಸ್ತಿದಾರನೇ, ನಿಜಕ್ಕೂ ಇಲ್ಲದವನೂ ಸುಸ್ತಿದಾರನೇ. ಸೊಸೈಟಿಯಲ್ಲಿ ಸಾಲ ಮಾಡಿದವರಿಗೆ 'ಸುಸ್ತಿ ಬಡ್ಡಿ' ಅಂದರೆ ವಿವರಿಸಬೇಕಿಲ್ಲ.

ದಿವಾಳಿಯ ಕಥೆಯೇ ಬೇರೆ. ವ್ಯಾಪಾರ ಮುಳುಗಿದ ಸಾಹುಕಾರ ಹಾಡಹಗಲಲ್ಲೇ ಅಂಗಡಿ ಮುಂದೆ ದೀಪ ಹಚ್ಚುತ್ತಿದ್ದ, ಅದರಿಂದಲೇ ಈ ಪದ ಬಂತು ಅಂತ ಒಂದು ಕಥೆ ಇದೆ. ನಿಜವೋ ಅಲ್ಲವೋ, ಕಥೆಯಲ್ಲಿ ಒಂದು ವಿಷಯ ಸರಿ ಇದೆ: ದಿವಾಳಿ ಅಂದರೆ ಊರಿಗೆಲ್ಲ ಗೊತ್ತಾಗುವ ಘೋಷಣೆ. ಕಾನೂನಿನಲ್ಲೂ ಹಾಗೇ. ಸಾಮಾನ್ಯ ಮನುಷ್ಯನ ವಿಷಯದಲ್ಲಿ ಈಗಲೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯ ಕೆಳಗೆ ಕೋರ್ಟು ಹೇಳಬೇಕು. ಹೇಳಿದ ಮೇಲೆ ಕೋರ್ಟಿನ ಅನುಮತಿ ಇಲ್ಲದೆ ಸಾಲ ಕೊಟ್ಟವರು ಅವನ ಮೇಲೆ ದಾವೆ ಹೂಡುವಂತಿಲ್ಲ, ಆದರೆ ಆಸ್ತಿ ಕೋರ್ಟಿನ ಕೈಗೆ ಹೋಗುತ್ತದೆ. ಮನೆ ಅಡ ಇಟ್ಟುಕೊಂಡ ಬ್ಯಾಂಕಿಗಂತೂ ಈ ತಡೆಯೂ ಇಲ್ಲ! ಮನೇಲಿ ಕೂತು ನಾನೇ ದಿವಾಳಿ ಅಂದರೆ ಯಾವ ರಕ್ಷಣೆಯೂ ಸಿಗಲ್ಲ.

ಹಾಗಾದರೆ ಓಟಿಎಸ್ ಮುರಿದು ಬಿದ್ದರೆ? ಸಾಮಾನ್ಯವಾಗಿ ಒಪ್ಪಿಗೆ ಪತ್ರದಲ್ಲೇ ಬರೆದಿರುತ್ತದೆ: ಗಡುವು ತಪ್ಪಿದರೆ ರಿಯಾಯಿತಿ ರದ್ದು, ಹಳೆಯ ಬಾಕಿ ಪೂರ್ತಿ ವಾಪಸು. ಹತ್ತು ಲಕ್ಷದ ಸಾಲ ಆರಕ್ಕೆ ಮುಗಿಯಬೇಕಿತ್ತು, ನಾಲ್ಕು ಕಟ್ಟಿ ನಿಂತಿರಿ ಅಂತಿಟ್ಟುಕೊಳ್ಳಿ. ಉಳಿದದ್ದು ಎರಡು ಲಕ್ಷ ಅಲ್ಲ, ಆರು, ಅದರ ಮೇಲೆ ಬಡ್ಡಿ. "ಇನ್ನೆರಡು ತಿಂಗಳು ಕೊಡಿ" ಅಂತ ಕೇಳಬಹುದು, ಕೇಳಲೇಬೇಕು, ಅದೂ ಗಡುವು ಮುಗಿಯುವ ಮೊದಲೇ, ಬರವಣಿಗೆಯಲ್ಲಿ. ಆದರೆ ಅದು ಹಕ್ಕಲ್ಲ. ಬ್ಯಾಂಕು ಒಪ್ಪದಿದ್ದರೆ ಕೋರ್ಟು ಗಡುವು ವಿಸ್ತರಿಸಲಾಗದು ಅಂತ ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ. ಮ್ಯಾನೇಜರ್ ಬಾಯಿಮಾತಿನಲ್ಲಿ "ನೋಡೋಣ ಬಿಡಿ" ಅಂದದ್ದು ಲೆಕ್ಕಕ್ಕಿಲ್ಲ.

ಕಟ್ಟಿದ ನಾಲ್ಕು ಲಕ್ಷ ಯಾವುದಕ್ಕೆ ಜಮೆಯಾಯಿತು, ಅಸಲಿಗೋ ಬಡ್ಡಿಗೋ, ಲೆಕ್ಕಪಟ್ಟಿ ತೆಗೆಸಿಕೊಳ್ಳಿ. ಇದನ್ನು ಯಾಕೋ ಯಾರೂ ಕೇಳಲ್ಲ. ಆಸ್ತಿ ಅಡ ಇದ್ದರೆ 2002ರ ಸರ್ಫೇಸಿ ಕಾಯ್ದೆಯಡಿ (ಅಡ ಇಟ್ಟ ಆಸ್ತಿಯನ್ನು ಬ್ಯಾಂಕೇ ವಶಕ್ಕೆ ತೆಗೆದುಕೊಳ್ಳಲು ಬಿಡುವ ಕಾನೂನು) ಬಾಕಿ ಕಟ್ಟಿ ಅಂತ 60 ದಿನದ ನೋಟಿಸ್ ಬರಬಹುದು. ಅದಕ್ಕೆ ಆಕ್ಷೇಪಣೆ ಬರೆದರೆ 15 ದಿನದೊಳಗೆ ಬ್ಯಾಂಕಿನವರು ಉತ್ತರ ಕೊಡಬೇಕು. ಆಸ್ತಿ ವಶಕ್ಕೆ ತೆಗೆದುಕೊಂಡರೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು 45 ದಿನ. ಕೃಷಿ ಜಮೀನಿಗೆ ಈ ಕಾಯ್ದೆ ತಾಗಲ್ಲ, ಹಾಗಂತ ಸಾಲ ಹೋಯಿತು ಅಂತಲ್ಲ, ವಸೂಲಿಗೆ ಬೇರೆ ದಾರಿಗಳಿವೆ.

ಇನ್ನು ವಸೂಲಿಯವರ ಕಾಟ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿದೆ. ಬೈಯುವುದು, ನೆಂಟರ ಮುಂದೆ ಮಾನ ತೆಗೆಯುವುದು ಕೂಡ ನಿಷಿದ್ಧ. ಇದು ಸುಸ್ತಿದಾರನಿಗೂ ಇರುವ ರಕ್ಷಣೆ. ಇದಕ್ಕೆ ದಿವಾಳಿ ಆಗಬೇಕಿಲ್ಲ.