ಝೀರೋ ವಿಮಾನದ ರೆಕ್ಕೆಗೆ ಎರಡು ಹೆಸರು ಬಂದದ್ದು ಹೇಗೆ?

ಎರಡನೇ ಮಹಾಯುದ್ಧದ ಜಪಾನಿ ಯುದ್ಧವಿಮಾನ ಝೀರೋದ ವಿವರಪಟ್ಟಿ ತೆರೆದು ನೋಡಿ. ಎಂಜಿನ್, ತೂಕ, ವೇಗ ಎಲ್ಲದಕ್ಕೂ ಒಂದೊಂದು ಉತ್ತರ ಸಿಗುತ್ತದೆ. ಏರ್‌ಫಾಯಿಲ್ ಎಂಬ ಸಾಲಿನಲ್ಲಿ ಮಾತ್ರ ಒಂದು ‘ಅಥವಾ’ ಬಂದು ಕೂತಿರುತ್ತದೆ: ಮಿತ್ಸುಬಿಷಿ 118, ಅಥವಾ ಬುಡದಲ್ಲಿ ನಾಕಾ 2315, ತುದಿಯಲ್ಲಿ ನಾಕಾ 3010. ಜಗತ್ತಿನಲ್ಲಿ ಇಷ್ಟೊಂದು ಚರ್ಚೆಯಾದ ವಿಮಾನದ ರೆಕ್ಕೆಯ ಆಕಾರದ ಬಗ್ಗೆ ಎಂಬತ್ತು ವರ್ಷಗಳ ನಂತರವೂ ಈ ಗೊಂದಲ ಯಾಕೆ?

ರೆಕ್ಕೆಯನ್ನು ಮುಂದಂಚಿನಿಂದ ಹಿಂದಂಚಿಗೆ ಸೀಳಿದಾಗ ಕಾಣುವ ಆಕಾರವೇ ಏರ್‌ಫಾಯಿಲ್. ವಿಮಾನ ಎಷ್ಟು ಭಾರ ಎತ್ತುತ್ತದೆ, ಯಾವ ಕೋನದಲ್ಲಿ ಗಾಳಿಯ ಹಿಡಿತ ತಪ್ಪಿ ಕುಸಿಯುತ್ತದೆ, ವೇಗ ಹೆಚ್ಚಿದಂತೆ ಎಷ್ಟು ಎಳೆತ ಎದುರಿಸುತ್ತದೆ ಎಂಬುದೆಲ್ಲ ಬಹುಪಾಲು ಇದರ ಮೇಲೆಯೇ ನಿಂತಿದೆ. ಇಂದಿನ ನಾಸಾದ ಪೂರ್ವಜ ಸಂಸ್ಥೆಯಾದ ಅಮೆರಿಕದ ನಾಕಾ, 1933ರಲ್ಲಿ 78 ಏರ್‌ಫಾಯಿಲ್‌ಗಳ ಗಾಳಿಸುರಂಗ (ಮಾದರಿಯ ಮೇಲೆ ಗಾಳಿ ಹಾಯಿಸಿ ನೋಡುವ ಕೊಳವೆ) ಪರೀಕ್ಷೆಯ ವರದಿಯನ್ನು ಬಹಿರಂಗವಾಗಿಯೇ ಪ್ರಕಟಿಸಿತು. ಅಲ್ಲಿಂದ ನಾಲ್ಕಂಕಿಯ ಹೆಸರುಗಳು ಜಗತ್ತಿನ ರೂಢಿಯಾದವು. ಮೊದಲ ಅಂಕಿ ರೆಕ್ಕೆಯ ಕಮಾನು ಎಷ್ಟು ಎಂಬುದನ್ನು ಮುಂದಂಚಿನಿಂದ ಹಿಂದಂಚಿನವರೆಗಿನ ಅಗಲದ ಶೇಕಡಾವಾರು ಹೇಳುತ್ತದೆ. ಎರಡನೆಯದು ಆ ಕಮಾನಿನ ತುತ್ತತುದಿ ಮುಂದಂಚಿನಿಂದ ಎಷ್ಟು ಹಿಂದಿದೆ ಎಂಬುದನ್ನು ಹತ್ತನೇ ಭಾಗಗಳಲ್ಲಿ ತಿಳಿಸುತ್ತದೆ. ಕೊನೆಯ ಎರಡು ಅಂಕಿ ದಪ್ಪ, ಅದೂ ಆ ಅಗಲದ ಶೇಕಡಾವಾರು.

ಈಗ ಝೀರೋ ಪಟ್ಟಿಯ ಆ ಅಂಕಿಗಳನ್ನು ಓದೋಣ. 2315 ಎಂದರೆ ಶೇ. 2 ಕಮಾನು, ಅದರ ತುದಿ ಶೇ. 30ರ ಜಾಗದಲ್ಲಿ, ದಪ್ಪ ಶೇ. 15. ಸರಿ, ಅಂಥದ್ದೊಂದು ಆಕಾರ ಇದೆ. ಆದರೆ 3010? ಶೇ. 3 ಕಮಾನು, ಅದರ ತುದಿ ಸೊನ್ನೆಯಲ್ಲಿ, ಅಂದರೆ ರೆಕ್ಕೆಯ ಮೂತಿಯಲ್ಲೇ! ಅಂಥ ಆಕಾರ ಈ ಪದ್ಧತಿಯಲ್ಲಿ ಸಾಧ್ಯವೇ ಇಲ್ಲ. ಹೀಗಿದ್ದರೂ ಈ ಅಂಕಿ ಪಟ್ಟಿಯಿಂದ ಪಟ್ಟಿಗೆ ನಕಲಾಗುತ್ತ ಬಂದಿದೆ. ನಾಕಾದ ಐದಂಕಿಯ ಸರಣಿಯಲ್ಲಿ 23010, 23015 ಎಂಬ ಹೆಸರುಗಳಿವೆ. ಅವುಗಳಲ್ಲಿ ಕಮಾನಿನ ತುದಿ ಮುಂದಂಚಿಗೆ ಹತ್ತಿರ, ಶೇ. 15ರ ಜಾಗದಲ್ಲೇ ಇರುತ್ತದೆ. ಎಲ್ಲೋ ಒಂದು ಅಂಕಿ ಉದುರಿಹೋಗಿ 3010, 2315 ಹುಟ್ಟಿಕೊಂಡವು ಎಂಬುದು ನನ್ನ ಬಲವಾದ ಅನುಮಾನ.

ಈ ಗೊಂದಲದ ಬೇರು ಯುದ್ಧಕ್ಕಿಂತ ಹಿಂದಕ್ಕೆ ಹೋಗುತ್ತದೆ. 1920ರ ದಶಕದಲ್ಲಿ ಜಪಾನ್ ಹೊರಗಿನಿಂದ ಕಲಿಯಿತು, ನಿಜ. ಬ್ರಿಟನ್ನಿನ ಸಾಪ್‌ವಿತ್ ವಿಮಾನ ಕಂಪನಿಯಲ್ಲಿದ್ದ ವಿನ್ಯಾಸಕ ಹರ್ಬರ್ಟ್ ಸ್ಮಿತ್ 1921ರಲ್ಲಿ ಮಿತ್ಸುಬಿಷಿಗೆ ಬಂದರು. ಜರ್ಮನಿಯ ಗಾಟಿಂಗೆನ್‌ನಿಂದ ಬಂದ ವಿಜ್ಞಾನಿ ವೀಸೆಲ್ಸ್‌ಬರ್ಗರ್ ಗಾಳಿಸುರಂಗಗಳನ್ನು ರೂಪಿಸಿದರು. 1927ರಲ್ಲಿ ಕವಾನಿಶಿ ಕಂಪನಿಯ ಗಾಳಿಸುರಂಗಕ್ಕೆ ವಾಯುಚಲನ ವಿಜ್ಞಾನಿ ಫಾನ್ ಕಾರ್ಮಾನ್ ಸಲಹೆ ಕೊಟ್ಟರು. ಆದರೆ 1930ರ ದಶಕದ ಹೊತ್ತಿಗೆ ಜಪಾನಿ ಕಂಪನಿಗಳು ತಮ್ಮದೇ ಏರ್‌ಫಾಯಿಲ್‌ಗಳನ್ನು ಪರೀಕ್ಷಿಸಿ, ತಮ್ಮದೇ ಸಂಕೇತ ಕೊಟ್ಟುಕೊಳ್ಳತೊಡಗಿದವು. ಮಿತ್ಸುಬಿಷಿಯಲ್ಲಿ ಬಿ-9, 118. ಇನ್ನೊಂದು ವಿಮಾನ ಕಂಪನಿ ನಕಾಜಿಮಾದಲ್ಲಿ ಎನ್‌ಎನ್ ಸರಣಿ. ಇವು ಕಂಪನಿಯೊಳಗಿನ ಸಂಕೇತಗಳು. 118 ಎಂಬ ಅಂಕಿಯನ್ನು ಎಷ್ಟು ನೋಡಿದರೂ ಕಮಾನೂ ತಿಳಿಯದು, ದಪ್ಪವೂ ತಿಳಿಯದು. ಜೊತೆಗಿದ್ದ ನಕ್ಷೆ ಕಳೆದುಹೋದರೆ ಹೆಸರಿನಿಂದ ಆಕಾರವನ್ನು ಮರಳಿ ಕಟ್ಟಲಾಗದು.

ಇನ್ನೊಂದು ಮಾತು. ಝೀರೋದ ವಿನ್ಯಾಸಕ ಜಿರೊ ಹೊರಿಕೋಶಿ ರೆಕ್ಕೆಯ ತುದಿಯನ್ನು ಬುಡಕ್ಕಿಂತ 2.5 ಡಿಗ್ರಿ ಕೆಳಮುಖವಾಗಿ ತಿರುಚಿದ್ದರು. ಬಿಗಿ ತಿರುವಿನಲ್ಲಿ ತುದಿ ಮೊದಲು ಕುಸಿಯದಿರಲಿ, ಐಲೆರಾನ್‌ಗಳು (ವಿಮಾನವನ್ನು ಪಕ್ಕಕ್ಕೆ ವಾಲಿಸುವ, ರೆಕ್ಕೆಯ ಹಿಂದಂಚಿನ ಫಲಕಗಳು) ಕೈಕೊಡದಿರಲಿ ಎಂಬುದೇ ಉದ್ದೇಶ. ಬುಡದ ಆಕಾರ, ತುದಿಯ ಆಕಾರ ಎರಡನ್ನೇ ಕೊಡುವ ಪಟ್ಟಿಗಳು ಈ ತಿರುಚನ್ನು ಕೈಬಿಡುತ್ತವೆ. ಅದಿಲ್ಲದೆ ಲೆಕ್ಕ ಹಾಕಿದರೆ ಸಿಗುವುದು ಝೀರೋ ಅಲ್ಲ, ಬೇರೆಯೇ ರೆಕ್ಕೆ.

ಸ್ವಂತ ಸಂಶೋಧನೆ ಎಷ್ಟು ಮುಂದೆ ಹೋಗಿತ್ತು ಎಂಬುದಕ್ಕೆ ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದ ವೈಮಾನಿಕ ಸಂಶೋಧನಾ ಸಂಸ್ಥೆಯೇ ಸಾಕ್ಷಿ. ಈ ಸಂಸ್ಥೆ ರೂಪಿಸಿದ ವಿಮಾನ 1938ರ ಮೇ ತಿಂಗಳಲ್ಲಿ ಎಲ್ಲೂ ಇಳಿಯದೆ 11,651 ಕಿ.ಮೀ. ಹಾರಿ ವಿಶ್ವದಾಖಲೆ ಮಾಡಿತು. ಅದೇ ಸಂಸ್ಥೆಯ ಇಚಿರೊ ತಾನಿ ಲ್ಯಾಮಿನಾರ್, ಅಂದರೆ ಗಾಳಿ ನಯವಾಗಿ ಹರಿಯುವ ರೆಕ್ಕೆಗಳ ಮೇಲೆ ಕೆಲಸ ಮಾಡಿದರು. ರೆಕ್ಕೆಯ ಅತಿ ದಪ್ಪದ ಭಾಗವನ್ನು ಹಿಂದಕ್ಕೆ ಸರಿಸಿದರೆ, ಮೇಲ್ಮೈಗೆ ಅಂಟಿದ ಗಾಳಿಯ ಪದರ ಹೆಚ್ಚು ದೂರ ನಯವಾಗಿ ಹರಿಯುತ್ತದೆ, ಎಳೆತ ಇಳಿಯುತ್ತದೆ. ಅಮೆರಿಕದಲ್ಲಿ ಇದೇ ತತ್ವದಿಂದ ಮಸ್ಟಾಂಗ್ ಯುದ್ಧವಿಮಾನದ ರೆಕ್ಕೆ ಬಂತು. ತಾನಿಯವರ ಎಲ್‌ಬಿ ಸರಣಿಯ ರೆಕ್ಕೆಯನ್ನು ಕವಾನಿಶಿ ಕಂಪನಿ 1942ರ ಮೇ ತಿಂಗಳಲ್ಲಿ ಮೊದಲ ಹಾರಾಟ ನಡೆಸಿದ ಕ್ಯೋಫು ಎಂಬ, ನೀರಿನ ಮೇಲೆ ಇಳಿಯುವ ಫ್ಲೋಟ್ ವಿಮಾನಕ್ಕೆ ಬಳಸಿತು. ಅದರಿಂದಲೇ ಮುಂದೆ ಶಿಡೆನ್, ಶಿಡೆನ್-ಕೈ ಯುದ್ಧವಿಮಾನಗಳು ಹುಟ್ಟಿದವು. ಜಪಾನ್ ಬರೀ ನಕಲು ಮಾಡುತ್ತಿತ್ತು ಎಂಬ ಮಾತನ್ನು ಇಂದಿಗೂ ಹೇಳುವವರಿದ್ದಾರೆ. ಅವರು ಈ ಒಂದು ರೆಕ್ಕೆಯ ಇತಿಹಾಸ ಓದಿದರೆ ಸಾಕು.

ಇಷ್ಟೆಲ್ಲ ದಾಖಲೆ ಎಲ್ಲಿ ಹೋಯಿತು? 1944ರ ಡಿಸೆಂಬರ್ 7ರ ಭೂಕಂಪ, ಅದರ ಬೆನ್ನಿಗೇ ಬಂದ ಅಮೆರಿಕದ ಬಿ-29 ಬಾಂಬರ್‌ಗಳ ದಾಳಿಗಳು ನಗೋಯಾದ ಮಿತ್ಸುಬಿಷಿ ಕಾರ್ಖಾನೆಗಳನ್ನು ಹಾಳುಗೆಡವಿದವು. 1945ರ ಆಗಸ್ಟ್‌ನಲ್ಲಿ ಶರಣಾಗತಿಯ ಹೊತ್ತಿಗೆ ಸೈನ್ಯವೂ ನೌಕಾಪಡೆಯೂ ಕಡತಗಳನ್ನು ಸುಡಲು ಆದೇಶಿಸಿದವು. ಉಳಿದದ್ದರಲ್ಲಿ ಒಂದಷ್ಟು ಅಮೆರಿಕದ ತಾಂತ್ರಿಕ ತಂಡಗಳ ಪಾಲಾಯಿತು. ಆ ವರ್ಷದ ನವೆಂಬರ್‌ನಲ್ಲಿ ಮಿತ್ರಪಡೆಗಳ ಆಡಳಿತ ಜಪಾನಿನಲ್ಲಿ ವಿಮಾನ ತಯಾರಿಕೆ, ಸಂಶೋಧನೆ, ಬೋಧನೆ ಎಲ್ಲವನ್ನೂ ನಿಷೇಧಿಸಿತು. 1952ರವರೆಗೆ ವಿಮಾನದ ಕೆಲಸವೇ ಇಲ್ಲ. ನನ್ನ ದೃಷ್ಟಿಯಲ್ಲಿ ಬೆಂಕಿಗಿಂತ ದೊಡ್ಡ ನಷ್ಟ ಇದು. ನಕ್ಷೆ ಹೋದರೂ ಬರೆದವರ ನೆನಪಿನಲ್ಲಿ ಇತ್ತು. ಆ ನೆನಪನ್ನು ದಾಖಲಿಸಬೇಕಿದ್ದ ತರಗತಿ, ಪ್ರಯೋಗಾಲಯ, ಪತ್ರಿಕೆಗಳೇ ಏಳು ವರ್ಷ ಮುಚ್ಚಿದ್ದವು.

ಅತ್ತ ಅಮೆರಿಕದವರಿಗೆ ಬೇಕಾದದ್ದು ಬೇರೆ. 1942ರ ಜೂನ್‌ನಲ್ಲಿ ಅಲಾಸ್ಕದ ಅಕುಟಾನ್ ದ್ವೀಪದ ಜೌಗಿನಲ್ಲಿ ಬಿದ್ದ ಝೀರೋವನ್ನು ಸ್ಯಾನ್ ಡಿಯಾಗೊಗೆ ಸಾಗಿಸಿ, ದುರಸ್ತಿ ಮಾಡಿ, ಸೆಪ್ಟೆಂಬರ್‌ನಲ್ಲಿ ಹಾರಿಸಿದರು. ವೇಗ ಹೆಚ್ಚಿದಾಗ ಐಲೆರಾನ್ ಬಿಗಿಯಾಗುತ್ತದೆ, ಮೂತಿಯನ್ನು ಹಠಾತ್ತನೆ ಕೆಳಗೆ ತಳ್ಳಿದರೆ ಎಂಜಿನ್ ನಿಲ್ಲುತ್ತದೆ ಎಂದು ತಿಳಿಯಿತು. ಕಾದಾಡುವ ಪೈಲಟ್‌ಗೆ ಅಷ್ಟು ಸಾಕು, ರೆಕ್ಕೆಯ ವಂಶಾವಳಿ ಅವನಿಗೆ ಬೇಕಿಲ್ಲ. ಯಾರೇ ಆಗಲಿ, ಆಕಾರವನ್ನು ಬರೆದಿಡಬೇಕಾದಾಗ ತಮಗೆ ಗೊತ್ತಿರುವ ನಾಕಾ ಅಂಕಿಗಳಲ್ಲಿ ಹತ್ತಿರದ್ದನ್ನು ಬರೆಯುತ್ತಾರೆ. ‘ಇದಕ್ಕೆ ಹತ್ತಿರ’ ಎಂಬುದು ಪಟ್ಟಿಗೆ ಸೇರುವಾಗ ‘ಇದೇ’ ಆಗಿಬಿಡುತ್ತದೆ.

ಇಂದು ಕೆಲಸ ಮಾಡುವವರಿಗೆ ಸಾಧನಗಳ ಕೊರತೆಯಿಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಸಾವಿರಕ್ಕೂ ಹೆಚ್ಚು ಏರ್‌ಫಾಯಿಲ್‌ಗಳ ಆಕಾರವನ್ನು ಬಿಡಿಸುವ ಬಿಂದುಗಳು ಉಚಿತವಾಗಿ ಸಿಗುತ್ತವೆ. ಎಂಐಟಿಯ ಮಾರ್ಕ್ ಡ್ರೆಲಾ 1986ರಲ್ಲಿ ಬರೆದ ಎಕ್ಸ್‌ಫಾಯಿಲ್ ತಂತ್ರಾಂಶ ಮನೆಯ ಕಂಪ್ಯೂಟರಿನಲ್ಲೇ ಎಳೆತದ ಲೆಕ್ಕ ಹಾಕುತ್ತದೆ. ಕೊಟ್ಟ ಬಿಂದುಗಳು ತಪ್ಪಾಗಿದ್ದರೂ ಅದು ಅಷ್ಟೇ ಅಚ್ಚುಕಟ್ಟಾಗಿ ಗ್ರಾಫ್ ಬಿಡಿಸುತ್ತದೆ ಎಂಬುದನ್ನು ಮರೆಯಬಾರದು. ಹಾಗಾಗಿ ಉಳಿದಿರುವ ವಿಮಾನಗಳ ಬಳಿಗೇ ಹೋಗಬೇಕು. ಅಲ್ಲೂ ತಗಡು ಉಬ್ಬಿರುತ್ತದೆ, ರೆಕ್ಕೆಯೊಳಗೆ ತಗಡಿಗೆ ಆಕಾರ ಕೊಡುವ ಪಕ್ಕೆಗಳ ನಡುವೆ ತಗ್ಗಿರುತ್ತದೆ, ಹಿಂದಿನ ದುರಸ್ತಿಗಳ ತೇಪೆ ಇರುತ್ತದೆ. ಆದ್ದರಿಂದ ಅಳತೆಯನ್ನು ಪಕ್ಕೆಯ ಮೇಲೆಯೇ, ರಿವೆಟ್ ಸಾಲಿನ ಗುಂಟ ತೆಗೆಯುವುದು ಕ್ಷೇಮ.

ಎಹಿಮೆ ಪ್ರಾಂತ್ಯದ ಕಡಲ ತಳದಿಂದ 1979ರಲ್ಲಿ ಮೇಲೆತ್ತಿದ ಶಿಡೆನ್-ಕೈ ಈಗ ಅಲ್ಲಿಯ ಐನಾನ್‌ನಲ್ಲಿ ಪ್ರದರ್ಶನಕ್ಕಿದೆ. 34 ವರ್ಷ ಉಪ್ಪುನೀರಿನಲ್ಲಿದ್ದ ಆ ತಗಡಿನಿಂದ ಲ್ಯಾಮಿನಾರ್ ಹರಿವಿನ ನಯವನ್ನು ಅಳೆಯಲಾಗದು. ಅತಿ ದಪ್ಪದ ಭಾಗ ಮುಂದಂಚಿನಿಂದ ಎಷ್ಟು ಹಿಂದಿದೆ ಎಂಬುದನ್ನು ಅಳೆಯಬಹುದು. ಎಲ್‌ಬಿ ಸರಣಿಯನ್ನು ನಾಕಾ ಸರಣಿಯಿಂದ ಬೇರ್ಪಡಿಸಲು ಮೊದಲು ಬೇಕಾದ ಅಳತೆ ಅದೇ.